ಅಂಕಿಗಿಂತ ಮೊದಲು ನಕ್ಷೆ ನೋಡಿ



ಇಲ್ಲಿ ಕೂತಿರುವ ಹಲವರು ನ್ಯೂಜೆರ್ಸಿಯಲ್ಲಿ ಹಳೆಯ ಮನೆ ನೋಡುತ್ತಿದ್ದೀರಿ. ಕೆಲವರು ನಾಲ್ಕು ಜನ ಸೇರಿ ಗ್ಯಾಸ್ ಸ್ಟೇಷನ್, ನಮ್ಮೂರ ಮಾತಿನಲ್ಲಿ ಬಂಕು, ಕೊಳ್ಳುವ ಲೆಕ್ಕಾಚಾರದಲ್ಲಿದ್ದೀರಿ. ಎರಡು ಕಡೆಯೂ ನೆಲದಡಿ ಟ್ಯಾಂಕ್ ಇರಬಹುದು. ಅಂಥ ಟ್ಯಾಂಕುಗಳ ಸುತ್ತಲಿನ ಮಣ್ಣು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು.

ಹಳೆಯ ಟ್ಯಾಂಕುಗಳಲ್ಲಿ ಹೆಚ್ಚಿನವು ಒಂದೇ ಪದರದ ಬರಿಯ ಉಕ್ಕಿನವು. ಒದ್ದೆ ಮಣ್ಣಿನಲ್ಲಿ ಉಕ್ಕು ತುಕ್ಕು ಹಿಡಿಯದೆ ಇರುತ್ತದೆಯೇ? 1984ರಲ್ಲಿ ಇಲ್ಲಿನ ಕಾಂಗ್ರೆಸ್ ಕಾನೂನು ಮಾಡಿತು. 1988ರಲ್ಲಿ ನಿಯಮಗಳು ಬಂದವು. 1998ರ ಡಿಸೆಂಬರ್ 22ರೊಳಗೆ ಹಳೆಯ ಟ್ಯಾಂಕುಗಳನ್ನು ಸುಧಾರಿಸಬೇಕು, ಬದಲಿಸಬೇಕು, ಇಲ್ಲವೇ ಮುಚ್ಚಬೇಕು ಎಂದಾಯಿತು. ಇಪಿಎ ಲೆಕ್ಕಕ್ಕೆ ಬಂದ ಸೋರಿಕೆಗಳು ಇಂದಿಗೆ 5 ಲಕ್ಷ ದಾಟಿವೆ. ಆದರೆ ಮನೆ ಬೆಚ್ಚಗಿಡಲು ಹೂತ ಎಣ್ಣೆ ಟ್ಯಾಂಕು ಈ ಫೆಡರಲ್ ನಿಯಮದ ಹೊರಗೆ. ನಿಮ್ಮ ಹಿತ್ತಲಲ್ಲಿ ಏನಿದೆ ಎಂಬ ದಾಖಲೆ ಯಾವ ಕಚೇರಿಯಲ್ಲೂ ಸಿಗದೇ ಇರಬಹುದು. ಗೋಡೆಯಂಚಿನಲ್ಲಿ ನೆಲದಿಂದ ಎದ್ದ ತುಂಡು ಪೈಪು, ಬೇಸ್‌ಮೆಂಟಿನಲ್ಲಿ ಕತ್ತರಿಸಿ ಬಿಟ್ಟ ತಾಮ್ರದ ಕೊಳವೆ, ಇವೇ ಸುಳಿವು. "ಅದಕ್ಕೆ ಮರಳು ತುಂಬಿಸಿಬಿಟ್ಟಿದ್ದೇವೆ" ಎಂದು ಮಾರುವವರು ಹೇಳಿದರೆ ಟ್ಯಾಂಕಿನ ಒಳಗಿನ ಸಂಗತಿ ತಿಳಿಯಿತು, ಹೊರಗಿನದಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮವರೇ ಒಬ್ಬರು, ಸ್ಟೇಷನ್ ಕೊಳ್ಳುವ ಮುಂಚೆ, ಮಾರುವವರು ಕೊಟ್ಟ ವರದಿ ಹಿಡಿದು ಬಂದರು. ಮೂರು ಬೋರಿಂಗ್, ಮೂರರಲ್ಲೂ ಬೆಂಜೀನ್ ಪತ್ತೆಯಾಗಿಲ್ಲ. "ಕ್ಲೀನ್ ಅಲ್ವಾ ಸಾರ್?" ಎಂದರು. ನಾನು ಹಿಂದಿನ ಪುಟದ ನಕ್ಷೆ ತೆಗೆದೆ. ಮೂರೂ ಬೋರಿಂಗ್ ರಸ್ತೆಯ ಬದಿಗೆ, ಐದಡಿ ಆಳಕ್ಕೆ. ಟ್ಯಾಂಕಿನ ತಳ ಇದ್ದದ್ದು ಹತ್ತಡಿಯಲ್ಲಿ. ಅಂತರ್ಜಲ ಹರಿಯುತ್ತಿದ್ದುದು ಹಿಂದಿನ ತೊರೆಯ ಕಡೆಗೆ. ಆ ಬದಿಯಲ್ಲಿ ನಾವು ಕೊರೆಸಿದಾಗ ಹದಿಮೂರಡಿಯಲ್ಲಿ ಬೂದು ಬಣ್ಣಕ್ಕೆ ತಿರುಗಿದ ಮಣ್ಣು ಬಂತು, ವಾಸನೆ ತಿಳಿಯಲು ಮೀಟರೇ ಬೇಕಿರಲಿಲ್ಲ. ಆ ವರದಿಯಲ್ಲಿ ಸುಳ್ಳು ಒಂದೂ ಇರಲಿಲ್ಲ ನೋಡಿ. ಕೊರೆದ ಜಾಗದಲ್ಲಿ ನಿಜಕ್ಕೂ ಏನೂ ಇರಲಿಲ್ಲ.

ಪೆಟ್ರೋಲು ಸೋರಿದರೆ ಮೊದಲು ಕೆಳಗಿಳಿಯುತ್ತದೆ. ನೀರಿನ ಮಟ್ಟ ಸಿಕ್ಕಿದ ಮೇಲೆ ಸಾರಿನ ಮೇಲೆ ಒಗ್ಗರಣೆ ಎಣ್ಣೆ ನಿಲ್ಲುವಂತೆ ತೇಲುತ್ತದೆ. ಮಳೆಗೆ ನೀರು ಏರಿ, ಬೇಸಿಗೆಗೆ ಇಳಿದಾಗ, ಪಾತ್ರೆಯ ಒಳಮೈಗೆ ಎಣ್ಣೆ ಅಂಟುವ ಹಾಗೆ ಒಂದೆರಡು ಅಡಿ ಮಣ್ಣಿಗೆ ಬಳಿದುಕೊಳ್ಳುತ್ತದೆ. ಮಾದರಿ ತೆಗೆಯಬೇಕಾದ್ದು ಅಲ್ಲಿ. ಪೈಪಿನ ಜೋಡಣೆ, ಡಿಸ್ಪೆನ್ಸರಿನ ಬುಡ, ಇವನ್ನೂ ಬಿಡಬಾರದು. ಸೋರುವುದು ಟ್ಯಾಂಕೊಂದೇ ಅಲ್ಲ. ಅಂತರ್ಜಲ ಯಾವ ಕಡೆ ಹರಿಯುತ್ತದೆಂದು ಹೇಳಲು ಕನಿಷ್ಠ ಮೂರು ಬಾವಿ ಬೇಕು, ಅವೂ ಒಂದೇ ಸಾಲಿನಲ್ಲಿ ಇರಬಾರದು.

ಇನ್ನೊಂದು ಸೂಕ್ಷ್ಮವಿದೆ. ಬೆಂಜೀನ್ ಗಾಳಿಗೆ ಹಾರಿಹೋಗುವ ವಸ್ತು. ಮಣ್ಣನ್ನು ತೆಗೆದ ಕೂಡಲೇ ಗಾಳಿಯಾಡದ ಕೊಳವೆಗೋ ಮೆಥನಾಲ್ ಇರುವ ಸೀಸೆಗೋ ಸೇರಿಸಬೇಕು. ಚೀಲದಲ್ಲಿ ತೆರೆದಿಟ್ಟು ಹರಟುತ್ತ ನಿಂತರೆ ಲ್ಯಾಬು ಒಳ್ಳೆಯ ಸುದ್ದಿಯನ್ನೇ ಕೊಡುತ್ತದೆ! ಮನೆಯ ಹೀಟಿಂಗ್ ಆಯಿಲ್ ಇದಕ್ಕೆ ತದ್ವಿರುದ್ಧ, ಅಷ್ಟಾಗಿ ಆವಿಯಾಗುವುದಿಲ್ಲ. ಹಾಗಾಗಿ ನಾವು ಕೈಯಲ್ಲಿ ಹಿಡಿಯುವ ಪಿಐಡಿ ಮೀಟರು ಅಲ್ಲಿ ಸುಮ್ಮನಿದ್ದರೂ ಮಣ್ಣು ಕೊಳಕಾಗಿರಬಹುದು. ಇಷ್ಟೆಲ್ಲ ಏಕೆಂದರೆ, ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ಫೆಡರಲ್ ಮಿತಿ ಲೀಟರಿಗೆ 5 ಮೈಕ್ರೊಗ್ರಾಂ, ನ್ಯೂಜೆರ್ಸಿಯಲ್ಲಿ ಬರೀ 1.

ಬ್ಯಾಂಕಿನವರು ಕೇಳುವ 'ಫೇಸ್ ಒನ್' ಕಾಗದಪತ್ರ, ಹಳೆಯ ನಕ್ಷೆ, ಸ್ಥಳವೀಕ್ಷಣೆಯ ವರದಿ ಮಾತ್ರ. ಅದರಲ್ಲಿ ಮಣ್ಣು ಮುಟ್ಟುವುದಿಲ್ಲ. ಮುಟ್ಟುವುದು 'ಫೇಸ್ ಟೂ'. ಸಹಿ ಹಾಕಿದ ಮೇಲೆ "ಸೋರಿಸಿದ್ದು ಹಿಂದಿನವರು" ಎಂದು ಕೈತೊಳೆದುಕೊಳ್ಳುವುದು ಈ ರಾಜ್ಯದಲ್ಲಿ ಸುಲಭವಲ್ಲ. ಅನೇಕ ಮನೆ ವಿಮೆಗಳೂ ಇದಕ್ಕೆ ಒದಗುವುದಿಲ್ಲ.

ಆ ಬಂಧು ವ್ಯವಹಾರದಿಂದ ಹಿಂದೆ ಸರಿದರು. ಪರೀಕ್ಷೆಯ ಖರ್ಚು ಮಣ್ಣುಪಾಲಾಯಿತೆಂದು ಅವರ ಮನೆಯವರಿಗೆ ನನ್ನ ಮೇಲೆ ಇಂದಿಗೂ ಸ್ವಲ್ಪ ಸಿಟ್ಟಿದೆ. ನಿಮ್ಮಲ್ಲಿ ಯಾರ ಬಳಿಯಾದರೂ ಇಂಥ ವರದಿ ಇದ್ದರೆ ಊಟದ ಹೊತ್ತಿಗೆ ತನ್ನಿ, ಒಟ್ಟಿಗೆ ಓದೋಣ. ನಕ್ಷೆಯ ಪುಟ ಮರೆಯಬೇಡಿ.