ಪಟ್ಟಿಯೂ ಅಚ್ಚೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ಕನ್ನಡ ಅಧ್ಯಾಪಕನಾದ ನಾನು ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡುವೆನೆಂದು ತಾವು ನಿರೀಕ್ಷಿಸಿರಬಹುದು. ನಾನು ಆರಿಸಿಕೊಂಡಿರುವ ವಿಷಯ ಬೇರೆ. ಅಂತರ್ಜಾಲದ ಪುಟವೊಂದು ಸಿದ್ಧವಾಗುವಾಗ ಗಣಕಯಂತ್ರದ ಕ್ರಮವಿಧಿ, ಎಂದರೆ ಪ್ರೋಗ್ರಾಮು, ತನ್ನಲ್ಲಿರುವ ಸಂಗತಿಗಳ ಸಮೂಹವನ್ನು ಪುಟದ ಅಚ್ಚಿಗೆ ಹೇಗೆ ಒಪ್ಪಿಸುತ್ತದೆ ಎಂಬುದೇ ಆ ವಿಷಯ. ಇದು ಎಂಜಿನಿಯರುಗಳ ಮಾತು, ನಮಗೇತಕ್ಕೆ ಎನ್ನಬೇಡಿರಿ. ಹೆಸರು, ಕ್ರಮ, ಆದೇಶ, ಸರ್ವನಾಮ ಇವುಗಳ ವಿಚಾರವೇ ಇದರಲ್ಲಿ ತುಂಬಿದೆ. ಗಡಿಯಲ್ಲಿ ನಿಂತಿರುವ ನಮ್ಮ ನುಡಿಯ ಯೋಗಕ್ಷೇಮವೂ ಇದರಲ್ಲಿ ಸೇರಿದೆ.

ಶಾಲೆಯ ಅಂಕಪಟ್ಟಿಯನ್ನು ನೋಡಿರಿ. ಅದರ ನಮೂನೆ ಒಮ್ಮೆ ಮುದ್ರಣವಾಗಿ ಬರುತ್ತದೆ. ‘ವಿದ್ಯಾರ್ಥಿಯ ಹೆಸರು’, ‘ವಿಷಯ’, ‘ಅಂಕ’ ಎಂದು ಬರೆದು ಎದುರಿಗೆ ಬರಿಯ ಸ್ಥಳ ಬಿಟ್ಟಿರುತ್ತದೆ. ಅಂಕಗಳಿರುವುದು ಅಧ್ಯಾಪಕರ ಪುಸ್ತಕದಲ್ಲಿ. ತರಗತಿಯಲ್ಲಿ 40 ಮಕ್ಕಳಿದ್ದರೆ ಅದೇ ನಮೂನೆಯನ್ನು 40 ಸಲ ತುಂಬುತ್ತೇವೆ. ನಮೂನೆಗೆ ಮಕ್ಕಳ ಪರಿಚಯವಿಲ್ಲ. ಪುಸ್ತಕಕ್ಕೆ ನಮೂನೆಯ ಅಂದಚಂದದ ಪರಿವೆಯಿಲ್ಲ. ಅಂತರ್ಜಾಲದ ಪುಟಗಳಲ್ಲಿಯೂ ನಡೆಯುವುದು ಇದೇ. ಟೆಂಪ್ಲೇಟು ಎಂದು ಕರೆಯುವ ನಮೂನೆಯನ್ನು ‘ಅಚ್ಚು’ ಎನ್ನೋಣ. ಕ್ರಮವಿಧಿ ಒಪ್ಪಿಸುವ ಸಮೂಹವನ್ನು ‘ಪಟ್ಟಿ’ ಎನ್ನೋಣ. ಮಳೆ ಮತ್ತು ಕಾಲ ಸೇರುವಾಗ ಕಕಾರವಿದ್ದೆಡೆ ಗಕಾರ ಬಂದು ‘ಮಳೆಗಾಲ’ವಾಗುವುದನ್ನು ನಾವು ಆದೇಶವೆನ್ನುತ್ತೇವೆ. ಅಚ್ಚಿನಲ್ಲಿ ಹೆಸರಿನ ಗುರುತು ಇದ್ದೆಡೆ ನಿಜವಾದ ಹೆಸರು ಬಂದು ಕುಳಿತುಕೊಳ್ಳುವುದೂ ಒಂದು ಬಗೆಯ ಆದೇಶವೇ.

ಕನ್ನಡದಲ್ಲಿಯೇ ಇದಕ್ಕೊಂದು ಉಜ್ವಲ ನಿದರ್ಶನವಿದೆ. ವಿ. ಕೃಷ್ಣ ಎಂಬ ಮಹನೀಯರು ಸುಮಾರು ನಾಲ್ಕು ದಶಕಗಳ ಕಾಲ ಏಕಾಂಗಿಯಾಗಿ ಶ್ರಮಿಸಿ ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ರಚಿಸಿದರು. ಅದರಲ್ಲಿ 1 ಲಕ್ಷ 50 ಸಾವಿರಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಕೈಲಾಶ್ ನಾಧ್ ಅವರು ಅದನ್ನು ‘ಅಲರ್’ ಎಂಬ ಹೆಸರಿನಿಂದ ಅಂತರ್ಜಾಲದಲ್ಲಿ ಪ್ರಕಟಿಸಿ, ಎಲ್ಲರೂ ಮುಕ್ತವಾಗಿ ಬಳಸುವಂತೆ ಮಾಡಿದರು. ಒಂದೂವರೆ ಲಕ್ಷ ಪದಗಳಿಗೆ ಒಂದೂವರೆ ಲಕ್ಷ ಪುಟಗಳನ್ನು ಯಾರೂ ಕುಳಿತು ಬರೆದಿಲ್ಲ. ಅಚ್ಚು ಸಿದ್ಧವಿದೆ, ಓದುಗನು ಪದವನ್ನು ಕೇಳಿದೊಡನೆ ಕ್ರಮವಿಧಿಯು ಸಂಗ್ರಹದಿಂದ ಅದಕ್ಕೆ ಹೊಂದುವ ಪಟ್ಟಿಯನ್ನು ತೆಗೆದು ಅಚ್ಚಿಗೆ ಕೊಡುತ್ತದೆ. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಪಟ್ಟಿಯೂ ಅಚ್ಚೂ ಒಂದೇ ಹಾಳೆಯಲ್ಲಿ ಬೆಸೆದುಹೋದವು. ಇಲ್ಲಿ ಅವೆರಡೂ ಬೇರೆಬೇರೆಯಾಗಿ ಉಳಿದಿವೆ. ಆದುದರಿಂದಲೇ ಅಲರ್ ನಿಘಂಟನ್ನು ನಡೆಸುವ ಡಿಕ್ಟ್‌ಪ್ರೆಸ್ ಎಂಬ ತಂತ್ರಾಂಶವು ‘ಓಳಂ’ ಎಂಬ ಮಲಯಾಳ ನಿಘಂಟನ್ನೂ ನಡೆಸಬಲ್ಲುದು.

ಡಿಕ್ಟ್‌ಪ್ರೆಸ್ ರಚಿತವಾಗಿರುವುದು ‘ಗೋ’ ಎಂಬ ಭಾಷೆಯಲ್ಲಿ. ಗೂಗಲ್ ಸಂಸ್ಥೆ ಅದನ್ನು 2009ರಲ್ಲಿ ಬೆಳಕಿಗೆ ತಂದಿತು. ಆ ಭಾಷೆಯ ಅಚ್ಚಿನಲ್ಲಿ ‘ಇಲ್ಲಿಂದ ಇಲ್ಲಿಯವರೆಗಿನ ಭಾಗವನ್ನು ಪಟ್ಟಿಯ ಪ್ರತಿಯೊಂದು ಸದಸ್ಯನಿಗೂ ಒಂದೊಂದು ಸಲ ಬರೆ’ ಎಂಬ ಆಜ್ಞೆಯಿರುತ್ತದೆ. ಆಗ ಕೈಯಲ್ಲಿರುವ ಸದಸ್ಯನನ್ನು ಒಂದು ಚುಕ್ಕೆಯಿಂದ ಸೂಚಿಸುತ್ತಾರೆ. ಆ ಚುಕ್ಕೆ ನಮ್ಮ ‘ಇದು’ ಎಂಬ ಸರ್ವನಾಮದಂತೆ. ಸರದಿ ಬಂದಂತೆ ಅದರ ಅರ್ಥ ಬದಲಾಗುತ್ತದೆ. ‘ಕಾಡು’ ಎಂಬ ಪದಕ್ಕೆ ಅರಣ್ಯವೆಂದೂ ಪೀಡಿಸು ಎಂದೂ ಅರ್ಥಗಳಿವೆಯಷ್ಟೆ? ಆಗ ಪದಗಳ ಪಟ್ಟಿಯೊಳಗೆ ಅರ್ಥಗಳ ಪಟ್ಟಿ ಇರುತ್ತದೆ. ಹೊರಗಿನ ಆವರ್ತನದೊಳಗೆ ಒಳಗಿನ ಆವರ್ತನ ನಡೆಯುತ್ತದೆ. ಒಳಗೆ ಹೋದಾಗ ಚುಕ್ಕೆ ಅರ್ಥವನ್ನು ಸೂಚಿಸುತ್ತದೆ. ಹೊರಗೆ ಬಂದಾಗ ಮರಳಿ ಪದವನ್ನು ಸೂಚಿಸುತ್ತದೆ.

ಪಟ್ಟಿಯನ್ನು ಒಪ್ಪಿಸುವಲ್ಲಿ ಮೂರು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು ಕ್ರಮ. ಸಾಲಾಗಿ ಜೋಡಿಸಿಕೊಟ್ಟ ಪಟ್ಟಿಯನ್ನು ಅಚ್ಚು ಅದೇ ಸಾಲಿನಲ್ಲಿ ಬರೆಯುತ್ತದೆ. ಪ್ರತಿ ಸಂಗತಿಗೂ ಒಂದೊಂದು ಹೆಸರುಚೀಟಿ ಅಂಟಿಸಿದ ಕೋಶವನ್ನು ಕೊಟ್ಟರೆ, ಗೋ ಭಾಷೆಯ ಅಚ್ಚು ಆ ಚೀಟಿಗಳನ್ನು ತಾನೇ ವಿಂಗಡಿಸಿಕೊಳ್ಳುತ್ತದೆ. ಆ ವಿಂಗಡಣೆ ಯೂನಿಕೋಡಿನ ಸಂಖ್ಯೆಗಳನ್ನು ಅನುಸರಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ಅನಂತರ ಕೊನೆಗೆ ಬರುತ್ತದೆ. ಯೂನಿಕೋಡಿನಲ್ಲಿ ಅದು ಲಕಾರದ ಪಕ್ಕದಲ್ಲಿಯೇ ಇದೆ. ಆದಕಾರಣ ನಿಘಂಟಿನಲ್ಲಿ ‘ಹಸು’ವಿನ ಅನಂತರ ಬರಬೇಕಾದ ‘ಹಳ್ಳಿ’ ಯಂತ್ರದ ಕ್ರಮದಲ್ಲಿ ಮೊದಲೇ ಬಂದುಬಿಡುತ್ತದೆ. ನಮ್ಮ ಕ್ರಮ ಬೇಕಾದರೆ ಮೊದಲು ನಾವೇ ಜೋಡಿಸಿ ಸಾಲಾಗಿ ಒಪ್ಪಿಸಬೇಕು.

ಎರಡನೆಯದು ಬರಿದಾದ ಪಟ್ಟಿ. ಒಪ್ಪಿಸಿದ ಪಟ್ಟಿಯಲ್ಲಿ ಒಬ್ಬ ಸದಸ್ಯನೂ ಇಲ್ಲದಿದ್ದರೆ ಆವರ್ತನ ಒಮ್ಮೆಯೂ ನಡೆಯದು. ಆಗ ಏನು ಬರೆಯಬೇಕೆಂದು ಅಚ್ಚಿನಲ್ಲಿ ಬೇರೆಯಾಗಿ ಹೇಳಿಡಬಹುದು. ವಿವೇಕಿಯಾದ ಅಚ್ಚುಗಾರನು ‘ಈ ಪದ ದೊರೆಯಲಿಲ್ಲ’ ಎಂದು ಅಲ್ಲಿ ಬರೆದಿರುತ್ತಾನೆ; ಮರೆತವನ ಪುಟ ಮೌನವಾಗಿರುತ್ತದೆ.

ಮೂರನೆಯದು ಹೆಸರು. ಪಟ್ಟಿ ಕೊಡುವವನೂ ಅಚ್ಚು ಮಾಡುವವನೂ ಒಂದೇ ಹೆಸರನ್ನು ಒಪ್ಪಿರಬೇಕು. ಒಬ್ಬನು ‘ಅರ್ಥ’ವೆಂದು ಕೊಟ್ಟು ಇನ್ನೊಬ್ಬನು ‘ವಿವರಣೆ’ ಎಂದು ಕೇಳಿದರೆ ಕೆಲಸ ದೋಷವೆಂದು ನಿಲ್ಲುತ್ತದೆ, ಇಲ್ಲವೆ ಆ ಸ್ಥಳ ಬರಿದಾಗಿ ಉಳಿಯುತ್ತದೆ.

ಈ ಹೆಸರಿನ ವಿಷಯದಲ್ಲಿಯೇ ಕನ್ನಡಿಗರು ತಿಳಿಯಬೇಕಾದ ಒಂದು ಸ್ವಾರಸ್ಯವಿದೆ. ಗೋ ಭಾಷೆಯಲ್ಲಿ ಹಲವು ಅಂಗಗಳನ್ನು ಕೂಡಿಸಿ ಒಂದು ದಾಖಲೆಯ ಆಕಾರವನ್ನು ಕಟ್ಟಬಹುದು. ಅಂಗದ ಹೆಸರು ಇಂಗ್ಲಿಷಿನಲ್ಲಿರುವಂತೆ ದೊಡ್ಡಕ್ಷರದಿಂದ ಆರಂಭವಾದರೆ ಮಾತ್ರ ಅದು ಹೊರಗಿನವರಿಗೆ ಕಾಣುತ್ತದೆ, ಅಚ್ಚೂ ಹೊರಗಿನದೇ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳೆಂಬ ಭೇದವೇ ಇಲ್ಲ. ಆದುದರಿಂದ ‘ಪದ’ ಎಂದು ಅಂಗಕ್ಕೆ ಹೆಸರಿಟ್ಟರೆ ಕ್ರಮವಿಧಿ ಒಪ್ಪುತ್ತದೆ, ಅಚ್ಚಿಗೆ ಮಾತ್ರ ಅದು ಕಾಣದು. ‘ಅರ್ಥ’, ‘ಊರು’, ‘ಕನ್ನಡ’ ಎಂಬ ಹೆಸರುಗಳನ್ನಂತೂ ಕ್ರಮವಿಧಿಯೇ ಒಪ್ಪದು. ಏಕೆಂದರೆ ಸ್ವರಚಿಹ್ನೆಗಳೂ ಒತ್ತಕ್ಷರವನ್ನುಂಟುಮಾಡುವ ಚಿಹ್ನೆಯೂ ಆ ಭಾಷೆಯ ಲೆಕ್ಕದಲ್ಲಿ ಅಕ್ಷರಗಳಲ್ಲ. ಇದು ಪ್ರಕೃತಿನಿಯಮವೆಂದು ಭಾವಿಸಬೇಡಿರಿ. 2008ರಲ್ಲಿ ಬಂದ ಪೈತಾನ್ ಭಾಷೆಯ ಮೂರನೆಯ ಆವೃತ್ತಿ ಈ ಕನ್ನಡ ಹೆಸರುಗಳನ್ನು ಸಂತೋಷದಿಂದ ಸ್ವೀಕರಿಸುತ್ತದೆ. ನಿಯಮ ಮಾಡಿದವರು ಮನುಷ್ಯರು. ಮಾಡುವಾಗ ಅವರ ಕಣ್ಣೆದುರಿಗಿದ್ದ ಪಟ್ಟಿಯಲ್ಲಿ ನಮ್ಮಂಥವರ ಲಿಪಿಗಳು ಸಾಕಷ್ಟು ಇರಲಿಲ್ಲ, ಅಷ್ಟೆ.

ಇದಕ್ಕೆ ಪರಿಹಾರವೂ ಉಂಟು. ಆಕಾರ ಕಟ್ಟುವುದರ ಬದಲು, ಆಗಲೇ ಹೇಳಿದ ಹೆಸರುಚೀಟಿಯ ಕೋಶವನ್ನು ಒಪ್ಪಿಸಬಹುದು. ಚೀಟಿಯ ಮೇಲೆ ಏನನ್ನು ಬರೆದರೂ ಗೋ ಭಾಷೆಗೆ ಆಕ್ಷೇಪಣೆಯಿಲ್ಲ. ‘ಊರು’ ಎಂದು ಕನ್ನಡದಲ್ಲಿಯೇ ಬರೆದು ಕನ್ನಡದಲ್ಲಿಯೇ ಕೇಳಬಹುದು. ಇಲ್ಲವೆ ಒಳಗಿನ ಹೆಸರು ಇಂಗ್ಲಿಷಿನಲ್ಲಿದ್ದು ಒಳಗಿನ ವಸ್ತು ಕನ್ನಡವಾಗಿರಬಹುದು. ಪಾತ್ರೆಯ ಮೇಲಿನ ಹೆಸರು ಯಾವ ಲಿಪಿಯಲ್ಲಿದ್ದರೇನು? ಒಳಗೆ ನಮ್ಮ ಧಾನ್ಯವಿರಬೇಕು.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. 1953ನೆಯ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಂದಿನಿಂದ ಪೆದ್ದಕಡುಬೂರಿನ ಸುತ್ತಿನ ಕನ್ನಡ ಮನೆಗಳು ಎರಡು ನುಡಿಗಳ ನಡುವೆ ಬಾಳುತ್ತಿವೆ. ಯೂನಿಕೋಡಿನಲ್ಲಿಯೂ ತೆಲುಗಿಗೆ 128 ಮನೆಗಳ ಒಂದು ಬೀದಿ, ಅದರ ಪಕ್ಕದಲ್ಲಿಯೇ ಕನ್ನಡಕ್ಕೆ 128 ಮನೆಗಳ ಇನ್ನೊಂದು ಬೀದಿ. ಅಲ್ಲಿಯೂ ನಾವು ನೆರೆಹೊರೆಯವರೇ. ನಮ್ಮ ರೈತರು ‘ಕುಂಟೆ’ ಎನ್ನುವುದನ್ನು ನೆರೆಮನೆಯವರು ‘ಗುಂಟಕ’ ಎನ್ನುತ್ತಾರೆ. ನಾವು ‘ಕೂರಿಗೆ’ ಎಂದರೆ ಅವರು ‘ಗೊರ್ರು’ ಎನ್ನುತ್ತಾರೆ. ಹತ್ತಿಯ ಹೊಲದಲ್ಲಿ, ಕಾಲುವೆಯ ದಂಡೆಯಲ್ಲಿ, ಅಡುಗೆಮನೆಯಲ್ಲಿ ಹೀಗೆ ಎಷ್ಟು ಮಾತುಗಳಿವೆ! ಟ್ರ್ಯಾಕ್ಟರು ಬಂದ ಮೇಲೆ ಕುಂಟೆಯನ್ನು ಕಾಣದ ಮಕ್ಕಳು ಆ ಹೆಸರನ್ನೂ ಮರೆಯುತ್ತಿದ್ದಾರೆ.

‘ನಮ್ಮ ಭಾಗದ ಕನ್ನಡ ಅಂತರ್ಜಾಲದಲ್ಲಿ ಕಾಣುವುದಿಲ್ಲ’ ಎಂದು ನಮ್ಮ ತರುಣರು ದೂರುತ್ತಾರೆ. ದೂರು ನಿಜ. ಆದರೆ ಕೊರತೆ ಎಲ್ಲಿದೆ? ಡಿಕ್ಟ್‌ಪ್ರೆಸ್ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದು ಬಳಸಬಹುದು, ಅಚ್ಚು ಸಿದ್ಧವಾಗಿದೆ. ಇಲ್ಲದಿರುವುದು ಪಟ್ಟಿ. ಅಚ್ಚು ಎಷ್ಟೇ ಸುಂದರವಾಗಿರಲಿ, ಒಪ್ಪಿಸದ ಪದವನ್ನು ಅದು ತಾನಾಗಿ ಬರೆಯಲಾರದು.

ಆದಕಾರಣ ನನ್ನದೊಂದು ಬಿನ್ನಹ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ನೋಟುಪುಸ್ತಕದಲ್ಲಿ ಐದು ಅಂಕಣಗಳನ್ನು ಗೆರೆ ಹಾಕಿಕೊಳ್ಳಲಿ: ಪದ, ಅರ್ಥ, ಬಳಕೆಯ ಒಂದು ವಾಕ್ಯ, ತೆಲುಗಿನ ಹೆಸರು, ಊರು. ಅಂಕಣಗಳ ಹೆಸರನ್ನು ಯಾರೂ ಬದಲಿಸಬಾರದು. ಏತಕ್ಕೆಂದು ಈಗಾಗಲೇ ಹೇಳಿದ್ದೇನೆ. ಒಂದು ಪದಕ್ಕೆ ಎರಡು ಅರ್ಥಗಳಿದ್ದರೆ ಎರಡನ್ನೂ ಬರೆಯಲಿ. ಗೊತ್ತಿಲ್ಲದ ಅಂಕಣವನ್ನು ಊಹೆಯಿಂದ ತುಂಬದೆ ಬರಿದಾಗಿ ಬಿಡಲಿ. ಅಜ್ಜ ಅಜ್ಜಿಯರು ಬೇಸರಪಡದೆ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಲಿ. ಆ ಪುಸ್ತಕಗಳನ್ನು ಸಂಘವು ಕೂಡಿಸಿ, ಅಕಾರಾದಿಯಾಗಿ ಜೋಡಿಸಿ, ಗಣಕಯಂತ್ರ ಬಲ್ಲ ನಮ್ಮ ತರುಣರ ಕೈಗೆ ಕೊಡಲಿ. ಉಳಿದುದನ್ನು ಅವರು ಮಾಡಬಲ್ಲರು.

ನಾಳೆ ದೂರದೇಶದಲ್ಲಿರುವ ನಮ್ಮೂರಿನ ಮಗುವೊಂದು ‘ಕೂರಿಗೆ’ ಎಂದು ಕೇಳಿದರೆ, ಪದದ ಜೊತೆಗೆ ಪೆದ್ದಕಡುಬೂರಿನ ಹೆಸರೂ ಅಲ್ಲಿ ಕಾಣಬೇಕು. ‘ದೊರೆಯಲಿಲ್ಲ’ ಎಂಬ ಉತ್ತರ ಆ ಮಗುವಿಗೆ ಬಾರದಿರಲಿ.