ವಾಸಿಯಾದವರನ್ನು ಮನೆಗೆ ಕರೆತರೋಣ



ಕಾಯಿಲೆಯವರನ್ನು ಆಸ್ಪತ್ರೆಗೆ ಸೇರಿಸಿ ನಾವು ನಿಶ್ಚಿಂತರಾಗುತ್ತೇವೆ. ಆದರೆ ಅಲ್ಲಿಯ ವಾಸ ಬಹುಕಾಲ ನಡೆದರೆ ಅದೇ ಒಂದು ಬೇನೆಯಾದೀತು. ಹಾಸಿಗೆ ಹಿಡಿದ ವೃದ್ಧರ ಕಾಲಿನ ಕಸುವು ಕೆಲವೇ ದಿನಗಳಲ್ಲಿ ಕುಂದುತ್ತದೆ.

ಮನೋರೋಗಿಗಳ ಪಾಡು ಇನ್ನೂ ಕಠಿಣ. ಕೆಲಸವಿಲ್ಲದೆ, ತನ್ನದೆಂಬ ವಸ್ತುವಿಲ್ಲದೆ, ಬಂಧುಗಳ ಭೇಟಿಯಿಲ್ಲದೆ ಮನುಷ್ಯನು ಉತ್ಸಾಹವನ್ನೇ ಕಳೆದುಕೊಳ್ಳುವನೆಂದು ಆಂಗ್ಲ ವೈದ್ಯ ರಸೆಲ್ ಬಾರ್ಟನ್ನರು 1959ರಲ್ಲೇ ಗ್ರಂಥ ಬರೆದರು. ನಾಸಿಕ, ಸಂಭಾಜಿನಗರಗಳ ನಮಗೆ ಪುಣೆ, ಠಾಣೆ, ನಾಗಪುರ, ರತ್ನಾಗಿರಿಗಳ ಸರಕಾರಿ ಮಾನಸಿಕ ಆಸ್ಪತ್ರೆಗಳು ದೂರ, ಭೇಟಿಗಳು ವಿರಳವಾಗುತ್ತವೆ. ಕನ್ನಡದ ಒಂದು ಮಾತೂ ಕಿವಿಗೆ ಬೀಳದಿದ್ದರೆ ನಮ್ಮವನು ಮೌನಿಯಾಗುವನು. ಆ ಮೌನವನ್ನೂ ರೋಗವೆಂದೇ ಎಣಿಸಿಯಾರು.

1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯೊಡನೆ ಮನೆಯವರನ್ನೂ ಇರಿಸಿಕೊಂಡರು. ಆರೈಕೆ ಕಲಿತ ಮನೆಯವರು ರೋಗಿಯನ್ನು ಕರೆದುಕೊಂಡೇ ಊರಿಗೆ ಮರಳಿದರು. ಮನೆಯವರು ಒಲ್ಲರೆಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇರಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಹೇಳುತ್ತದೆ.

ನಾವಾದರೋ ನೆರೆಹೊರೆಗೆ ಅಂಜಿ, ವಾಸಿಯಾದವರನ್ನೂ ಕರೆತರಲು ಹಿಂಜರಿಯುತ್ತೇವೆ. ಬಂಧುಗಳೇ, ನಮ್ಮ ಸಂಘದಿಂದ ತಿಂಗಳಿಗೊಮ್ಮೆ ಇಬ್ಬರಾದರೂ ಅಂಥವರ ಬಳಿ ಹೋಗಿ, ಕನ್ನಡದಲ್ಲಿ ಹೆಸರು ಹಿಡಿದು ಕರೆದು ಮಾತನಾಡಿಸೋಣ. ಅವರು ಮರಳುವ ದಿನ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳೋಣ. ರಾಜ್ಯೋತ್ಸವದ ಈ ದಿನ ನಮ್ಮ ಬಿನ್ನಹ ಇಷ್ಟೇ.