ಗರ್ಭಿಣೀ ಮಾತೆಯ ಯಕೃದ್ರೋಗವೂ ಶಿಶುರಕ್ಷಣೆಯೂ



ಗರ್ಭಸ್ಥ ಶಿಶುವಿಗೆ ಎಂಟನೆಯ ಮಾಸದಲ್ಲಿ ಲಿಂಗಧಾರಣ ಸಂಸ್ಕಾರವನ್ನು ಮಾಡುವ ಪದ್ಧತಿಯು ವೀರಶೈವರಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಸರ್ವರಿಗೂ ವಿದಿತವೇ ಆಗಿದೆ. ಇನ್ನೂ ಕಣ್ದೆರೆಯದ ಜೀವವನ್ನೂ ಭಕ್ತನೆಂದೆಣಿಸಿ ಹಿರಿಯರು ಅದರ ಹಿತವನ್ನು ಅಷ್ಟು ಮುಂಚಿತವಾಗಿಯೇ ಚಿಂತಿಸಿದರು. ಅದರ ದೇಹರಕ್ಷಣೆಗೂ ಹೆಚ್ಚುಕಡಮೆ ಅದೇ ಕಾಲವು ತಕ್ಕುದೆಂದು ಈಗಿನ ವೈದ್ಯಶಾಸ್ತ್ರವು ಒಂದು ರೋಗದ ವಿಷಯದಲ್ಲಿ ತಿಳಿಸುತ್ತಲಿದೆ. ಹೆಪಟೈಟಿಸ್-ಬಿ ಎಂಬ ವೈರಾಣುವಿನಿಂದುಂಟಾಗುವ ಯಕೃದ್ರೋಗವೇ ಅದು.

ಯಕೃತ್ತಿನ ರೋಗವೆಂದೊಡನೆ ಜನರು ಕಾಮಾಲೆಯನ್ನು ನೆನೆಯುವರು. ಕಣ್ಣು ಹಳದಿಯಾದರೆ ಸೊಪ್ಪಿನ ರಸವನ್ನು ಕುಡಿಸುವರು, ಕೆಲವೆಡೆ ಬರೆಯನ್ನೂ ಹಾಕಿಸುವರು. ಆದರೆ ಈ ವೈರಾಣುವು ದೇಹದಲ್ಲಿ ನೆಲೆಯೂರಿದ ಬಳಿಕ ಅನೇಕ ವರ್ಷಗಳವರೆಗೆ ಯಾವ ಚಿಹ್ನೆಯನ್ನೂ ತೋರದೆ ಇರಬಲ್ಲುದು. ರಕ್ತಪರೀಕ್ಷೆಯೊಂದೇ ಅದನ್ನು ತಿಳಿಯುವ ಮಾರ್ಗ. ೧೯೬೫ರಲ್ಲಿ ಬ್ಲಂಬರ್ಗ್ ಎಂಬ ಅಮೆರಿಕದ ವಿಜ್ಞಾನಿಯು ಆಸ್ಟ್ರೇಲಿಯದ ಆದಿವಾಸಿಯೊಬ್ಬನ ರಕ್ತದಲ್ಲಿ ಕಂಡುದಾಗಿ ಪ್ರಕಟಿಸಿದ ದ್ರವ್ಯವನ್ನೇ ಇಂದಿಗೂ ಗರ್ಭಿಣಿಯರ ರಕ್ತದಲ್ಲಿ ಹುಡುಕಲಾಗುತ್ತದೆ.

ಬೆಳೆದವರಿಗೆ ಈ ರೋಗವಂಟಿದರೆ ನೂರಕ್ಕೆ ೯೫ ಮಂದಿಯ ದೇಹವು ಅದನ್ನು ತಾನಾಗಿಯೇ ಹೊರದೂಡುವುದು. ಹೆರಿಗೆಯ ವೇಳೆಯಲ್ಲಿ ತಾಯಿಯಿಂದ ಅಂಟಿದ ಶಿಶುಗಳ ಗತಿಯು ಇದಕ್ಕೆ ತೀರ ವಿಪರೀತವು. ನೂರರಲ್ಲಿ ಸುಮಾರು ೯೦ ಶಿಶುಗಳಲ್ಲಿ ಅದು ಆಜೀವ ರೋಗವಾಗಿ ನಿಂತು, ನಡುವಯಸ್ಸಿನಲ್ಲಿ ಕೆಲವರ ಯಕೃತ್ತನ್ನು ಗಡಸುಗೊಳಿಸಿ, ಕ್ಯಾನ್ಸರಿಗೂ ಕಾರಣವಾಗುವುದು. ದುಡಿದು ಮನೆಯನ್ನು ಹೊರತಕ್ಕ ಪ್ರಾಯದಲ್ಲಿಯೇ ಮನುಷ್ಯನು ನೆಲಹಿಡಿಯುವನು.

ಶಿಶುವು ಹುಟ್ಟಿದ ೨೪ ಗಂಟೆಗಳೊಳಗೆ ಹಾಕುವ ಲಸಿಕೆಯೇ ಇದಕ್ಕೆ ಮುಖ್ಯವಾದ ತಡೆ. ರೋಗವುಳ್ಳ ತಾಯಿಯ ಶಿಶುವಿಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಸೂಜಿಮದ್ದನ್ನೂ ಸೇರಿಸಿ ಕೊಡುವುದುಂಟು. ಆದರೂ ತಾಯಿಯ ರಕ್ತದಲ್ಲಿ ವೈರಾಣುವಿನ ಸಂಖ್ಯೆಯು ಅತಿಶಯವಾಗಿದ್ದರೆ ಈ ಎರಡನ್ನೂ ಮೀರಿ ರೋಗವು ದಾಟುವುದುಂಟು. ಅಂಥವರಿಗಾಗಿಯೇ ಟೆನೊಫೋವಿರ್ ಎಂಬ ಗುಳಿಗೆಯು ವಿಧಿಸಲ್ಪಟ್ಟಿದೆ. ಚೀನಾದೇಶದಲ್ಲಿ ಇಂಥ ೨೦೦ ಮಂದಿ ಗರ್ಭಿಣಿಯರಲ್ಲಿ ನಡೆದ ಪರೀಕ್ಷೆಯ ಫಲವು ೨೦೧೬ರಲ್ಲಿ ಪ್ರಕಟವಾಯಿತು. ಕೊನೆಯವರೆಗೆ ಪರೀಕ್ಷೆಗೊಳಗಾದ ಶಿಶುಗಳ ಪೈಕಿ ಗುಳಿಗೆ ಸೇವಿಸಿದ ತಾಯಂದಿರ ಒಂದು ಮಗುವಿಗೂ ರೋಗವಂಟಿರಲಿಲ್ಲ. ಸೇವಿಸದವರ ಮಕ್ಕಳಲ್ಲಿ ನೂರಕ್ಕೆ ೭ಕ್ಕೆ ಅಂಟಿತ್ತು. ಥಾಯ್ಲೆಂಡಿನಿಂದ ೨೦೧೮ರಲ್ಲಿ ಬಂದ ವರದಿಯು ಗುಳಿಗೆಯ ಹೆಚ್ಚಳವನ್ನು ಇಷ್ಟು ಸ್ಪಷ್ಟವಾಗಿ ತೋರಿಸಲಿಲ್ಲವೆಂಬುದನ್ನೂ ಮುಚ್ಚತಕ್ಕದ್ದಲ್ಲ. ಅಲ್ಲಿ ಬಹುಪಾಲು ಶಿಶುಗಳಿಗೆ ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಲಸಿಕೆ ದೊರೆತಿತ್ತು. ಗುಳಿಗೆಯಿಲ್ಲದ ಪಂಗಡದಲ್ಲಿಯೂ ೧೪೭ರಲ್ಲಿ ೩ ಶಿಶುಗಳಿಗೆ ಮಾತ್ರ ರೋಗವಂಟಿತು. ಲಸಿಕೆಯಲ್ಲಿ ತ್ವರೆಯೆಂಬುದರ ಬೆಲೆ ಇಷ್ಟು!

ರಕ್ತದಲ್ಲಿ ವೈರಾಣುವಿನ ಪ್ರಮಾಣವು ಮಿಲಿಲೀಟರಿಗೆ ೨ ಲಕ್ಷ ಅಂತರರಾಷ್ಟ್ರೀಯ ಮಾನಗಳನ್ನು ಮುಟ್ಟಿದ್ದರೆ ೨೮ನೆಯ ವಾರದಿಂದ ಗುಳಿಗೆಯನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿತು. ಅಂದರೆ ಗರ್ಭಲಿಂಗಧಾರಣೆಗೆ ಬಂಧುಗಳು ನೆರೆಯುವ ಹೊತ್ತಿಗೆ ಔಷಧವು ಆರಂಭವಾಗಿರಬೇಕು. ಈ ಪ್ರಮಾಣವನ್ನು ಅಳೆಯುವ ಅನುಕೂಲವಿಲ್ಲದೆಡೆಯಲ್ಲಿ ರೋಗವುಳ್ಳ ಗರ್ಭಿಣಿಯರೆಲ್ಲರಿಗೂ ಕೊಡಬಹುದೆಂದು ೨೦೨೪ರಲ್ಲಿ ಅದೇ ಸಂಸ್ಥೆಯು ಹೇಳಿತು. ಹೆರಿಗೆಯಾಯಿತೆಂದು ಗುಳಿಗೆಯನ್ನು ತಾವೇ ನಿಲ್ಲಿಸಲಾಗದು. ಆಗ ರೋಗವು ಕೆರಳುವುದುಂಟಾದ್ದರಿಂದ ವೈದ್ಯರ ಕಣ್ಗಾವಲು ಬೇಕು.

ಪರೀಕ್ಷೆಯಲ್ಲಿ ರೋಗವು ಕಂಡಾಗ ಸೊಸೆಯ ತಟ್ಟೆಲೋಟಗಳನ್ನು ಬೇರೆಯಿರಿಸುವ ಮನೆಗಳುಂಟು. ಕೂಸನ್ನು ಮೊಲೆಯಿಂದಗಲಿಸುವವರೂ ಉಂಟು. ಸಹಪಂಕ್ತಿಯಿಂದಾಗಲಿ, ಮುಟ್ಟುವುದರಿಂದಾಗಲಿ ಇದು ಅಂಟುವುದಿಲ್ಲ. ಲಸಿಕೆ ಪಡೆದ ಶಿಶುವಿಗೆ ಎದೆಹಾಲು ನಿಷಿದ್ಧವಲ್ಲ. ಜನನಸೂತಕವನ್ನೇ ಒಪ್ಪದ ಶರಣರ ಮಕ್ಕಳು ಬಾಣಂತಿಯ ಮೇಲೆ ಹೊಸ ಸೂತಕವೊಂದನ್ನು ಹೊರಿಸುವುದೆಂತು? ಆಕೆಗೂ ಬಹುಶಃ ತನ್ನ ಹೆತ್ತಮ್ಮನಿಂದಲೇ, ತಾನರಿಯದೆಯೇ, ಅದು ಬಂದಿರಬಹುದು.

ಇನ್ನೊಂದು ಮಾತು. ಚೊಚ್ಚಲ ಹೆರಿಗೆಯು ತವರುಮನೆಯಲ್ಲಿ ನಡೆಯುವುದು ಈ ನಾಡಿನ ರೂಢಿ. ಗಂಡನ ಊರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಚೀಟಿಯು ಅಲ್ಲಿಯೇ ಉಳಿದರೆ, ತವರಿನ ವೈದ್ಯರಿಗೆ ಏನೂ ತಿಳಿಯದೆ ಮೊದಲ ದಿನವು ಕಳೆದುಹೋಗುವುದು. ಸೀಮಂತದ ಸೀರೆ, ಉಡಿಯಕ್ಕಿಗಳೊಡನೆ ಆ ಚೀಟಿಯೂ, ಉಳಿದ ಗುಳಿಗೆಗಳೂ ಆಕೆಯ ಕೂಡ ತವರಿಗೆ ಹೋಗಬೇಕು.